ಏಡಿ ಹಿಡಿಯಲು ಒಂದು ಪರವಾನಗಿ

ಏಡಿ ಕೊಳ್ಳುವಾಗ ಅದನ್ನು ಅಂಗಾತ ಮಾಡಿ ಹೊಟ್ಟೆ ನೋಡುವ ಚಾಳಿ ನನಗಿದೆ. ಉಡುಪಿಯ ಮೀನು ಮಾರುಕಟ್ಟೆಗೆ ನಾನು ಹೋದರೆ ಬುಟ್ಟಿಯ ಮುಂದೆ ಕೂತ ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿ ನಗುತ್ತಾರೆ. ಮೊನ್ನೆ ಒಬ್ಬಳಂತೂ ಕೇಳಿಯೇ ಬಿಟ್ಟಳು: "ಎಂತ ಅಜ್ಜ, ಏಡಿ ತಕ್ಕೊಳ್ಳಲಿಕ್ಕೆ ಬಂದದ್ದಾ, ಹೆಣ್ಣು ನೋಡ್ಲಿಕ್ಕೆ ಬಂದದ್ದಾ?"

ಸುತ್ತಲಿನವರೆಲ್ಲ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಅವಳು ಹೇಳಿದ್ದರಲ್ಲಿ ತಪ್ಪೇನಿಲ್ಲ. ನಾನು ನೋಡುವುದು ಹೆಣ್ಣನ್ನೇ. ಹೊಟ್ಟೆಯ ಅಡಿಯಲ್ಲಿ ಮೊಟ್ಟೆಯ ಗೊಂಚಲು ಕಂಡರೆ ಆ ಏಡಿಯನ್ನು ಪಕ್ಕಕ್ಕೆ ಇಟ್ಟುಬಿಡುತ್ತೇನೆ. ಬುಟ್ಟಿಗೆ ಬಂದ ಏಡಿ ಮತ್ತೆ ಕಡಲಿಗೆ ಹೋಗುವುದಿಲ್ಲ, ನಾನು ಬಿಟ್ಟದ್ದನ್ನು ನನ್ನ ಹಿಂದೆ ನಿಂತವರು ಕೊಂಡೇ ಕೊಳ್ಳುತ್ತಾರೆ ಎಂದು ನನಗೂ ಗೊತ್ತು. ಆದರೂ ಕೈ ಕೇಳುವುದಿಲ್ಲ. ಈ ಪಾಠ ನಾನು ಕಲಿತದ್ದು ನಮ್ಮ ಕಡಲತಡಿಯಲ್ಲಲ್ಲ, ಬಹರೈನಿನಲ್ಲಿ. ಕಲಿಸಿದವರು ಇಬ್ಬರು. ಒಬ್ಬಳು ನನ್ನ ಹೆಂಡತಿ ವಾರಿಜ. ಇನ್ನೊಬ್ಬರು ಹಾಜಿ ಮನ್ಸೂರ್ ಎಂಬ ಮುದುಕರು.

ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ನಾನು ಕಡಲಿನವನಲ್ಲ. ಹುಟ್ಟಿದ್ದು ಕಾರ್ಕಳದಲ್ಲಿ, ದರ್ಜಿಯ ಮಗನಾಗಿ. ಚಿಕ್ಕಂದಿನಲ್ಲಿ ನಾನು ಕಂಡ ದೊಡ್ಡ ನೀರೆಂದರೆ ಆನೆಕೆರೆ. ಏಡಿಯ ಜೊತೆ ನನ್ನ ಮೊದಲ ಭೇಟಿ ಒಂದು ಗದ್ದೆಯಲ್ಲಿ ಆಯಿತು. ಗೆಳೆಯರೆಲ್ಲ ಬಿಲಕ್ಕೆ ಕೈ ಹಾಕಿ ಏಡಿ ಎಳೆಯುತ್ತಿದ್ದರು. ನಾನು ದೂರ ನಿಂತು, ಯಾರದ್ದೋ ಗದ್ದೆ, ಕೇಳದೆ ಇಳಿಯಬಾರದು ಎಂದು ಬೋಧನೆ ಮಾಡುತ್ತಿದ್ದೆ. ಒಂದು ಏಡಿ ಅವರನ್ನೆಲ್ಲ ದಾಟಿಕೊಂಡು ಬಂದು ಬೋಧನೆ ಮಾಡುತ್ತಿದ್ದವನ ಹೆಬ್ಬೆರಳನ್ನೇ ಕಚ್ಚಿ ಹಿಡಿಯಿತು. ನಾನು ಕುಣಿದ ಕುಣಿತವನ್ನು ಆ ಗೆಳೆಯರು ನನ್ನ ಮದುವೆಯ ಊಟದ ಪಂಕ್ತಿಯಲ್ಲೂ ನೆನಪಿಸಿಕೊಂಡರು.

ನಿಯಮದ ಭಯ ನನಗೆ ಹುಟ್ಟಿನಿಂದಲೇ ಬಂದದ್ದು. ಬಸ್ಸಿನ ಟಿಕೇಟನ್ನು ಮನೆ ಸೇರಿದ ಮೇಲೂ ಎರಡು ದಿನ ಜೇಬಿನಲ್ಲಿ ಇಟ್ಟುಕೊಳ್ಳುವ ಜಾತಿ ನಾನು. ಇಂಥವನು ಎಪ್ಪತ್ತರ ದಶಕ ಮುಗಿಯುತ್ತಿದ್ದಾಗ ಟೈಪಿಸ್ಟ್ ಕೆಲಸಕ್ಕೆಂದು ಬಹರೈನಿಗೆ ಹೋದರೆ ಏನಾಗಬೇಕು? ಅಲ್ಲಿ ನಾನು ಮೊದಲು ಓದಲು ಕಲಿತ ಅರಬ್ಬಿ ಪದ 'ಮಮ್ನೂ'. ಅಂದರೆ ನಿಷೇಧ. ಗೋಡೆಯ ಮೇಲೆ, ಗೇಟಿನ ಮೇಲೆ ಆ ಪದ ಕಂಡರೆ ನಾನು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದೆ. ಒಮ್ಮೆ ಹಾಗೆ ಹಿಂದೆ ಸರಿದು ಖರ್ಜೂರದ ಗಾಡಿಯ ಮೇಲೆ ಕೂತುಬಿಟ್ಟಿದ್ದೆ.

ಮೂರು ವರ್ಷ ಒಂಟಿಯಾಗಿ ದುಡಿದ ಮೇಲೆ ಹೆಂಡತಿಯನ್ನು ಕರೆಸಿಕೊಳ್ಳಲು ಅನುಮತಿ ಸಿಕ್ಕಿತು. ಮನಾಮಾದ ಹಳೆಯ ಗಲ್ಲಿಯಲ್ಲಿ ಮೂರನೇ ಮಹಡಿಯ ಒಂದು ಕೋಣೆ, ಒಂದು ಅಡುಗೆಮನೆ. ಕಿಟಕಿ ತೆರೆದರೆ ಎದುರು ಮನೆಯ ಗೋಡೆ. ಕೈ ಚಾಚಿದರೆ ಅದರ ಸುಣ್ಣ ಬೆರಳಿಗೆ ಹತ್ತುತ್ತಿತ್ತು. ವಾರಿಜ ಕೋಡಿಬೆಂಗ್ರೆಯವಳು. ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು, ನಡುವೆ ಒಂದು ಪಟ್ಟಿಯಷ್ಟು ಮರಳು, ಅದರ ಮೇಲೆ ಅವಳ ಮನೆ. ಅಂಥಲ್ಲಿ ಬೆಳೆದವಳನ್ನು ತಂದು ನಾನು ಗೋಡೆಯ ಎದುರು ಕೂರಿಸಿದ್ದೆ.

ಮೊದಲ ತಿಂಗಳು ಎಲ್ಲವೂ ಹೊಸತು. ಎರಡನೇ ತಿಂಗಳಿಗೆ ಅವಳ ಮಾತು ಕಡಿಮೆಯಾಯಿತು. ನಾಲ್ಕನೇ ತಿಂಗಳಿಗೆ ಊಟವೂ ಕಡಿಮೆಯಾಯಿತು. ನಾನು ಬೆಳಿಗ್ಗೆ ಹೋಗುವಾಗ ಕಿಟಕಿಯ ಹತ್ತಿರ ಕೂತಿರುತ್ತಿದ್ದಳು. ಬರುವಾಗಲೂ ಅಲ್ಲೇ. ಡಾಕ್ಟರರ ಹತ್ತಿರ ಕರೆದುಕೊಂಡು ಹೋದೆ. ಅವರು ನಾಡಿ ನೋಡಿ, ರಕ್ತ ಪರೀಕ್ಷೆ ಮಾಡಿಸಿ, "ರೋಗ ಏನೂ ಇಲ್ಲ, ಸ್ವಲ್ಪ ಹೊರಗೆ ಕರೆದುಕೊಂಡು ಹೋಗಿ" ಎಂದರು. ನಾನು ಅವಳನ್ನು ಹೊರಗೆ ಕರೆದುಕೊಂಡು ಹೋದದ್ದು ಎಲ್ಲಿಗೆ ಅಂತೀರಿ? ನಮ್ಮ ಕಂಪನಿಯ ಗೋಡೌನ್ ತೋರಿಸಲಿಕ್ಕೆ. ಸಿಮೆಂಟು, ಕಬ್ಬಿಣದ ಸರಳು, ಬಾತ್‌ರೂಮಿನ ಟೈಲು. ಅವಳು ಎಲ್ಲವನ್ನೂ ನೋಡಿ ತನ್ನ ಊರಿನ ಕನ್ನಡದಲ್ಲಿ "ಚಂದ ಇತ್ತ್", ಅಂದರೆ ಚಂದ ಇದೆ, ಎಂದಳು.

ಒಂದು ಸಂಜೆ ಮಂಚದ ಅಡಿಯಲ್ಲಿ ಚಪ್ಪಲಿ ಹುಡುಕುತ್ತಿದ್ದಾಗ ಅವಳ ಸೂಟ್‌ಕೇಸು ಕೈಗೆ ತಾಗಿತು. ಭಾರವಾಗಿತ್ತು. ತೆರೆದು ನೋಡಿದರೆ ಸೀರೆಗಳೆಲ್ಲ ಮಡಚಿ ಒಳಗೆ ಕೂತಿವೆ.

"ಇದೇನು?" ಎಂದೆ.

ಅವಳು ತಲೆ ಎತ್ತಲಿಲ್ಲ. "ನನ್ನನ್ನ ಊರಿಗೆ ಕಳ್ಸಿ. ನಿಮ್ ಮೇಲೆ ಸಿಟ್ಟಿಲ್ಲ. ನಂಗ್ ಇಲ್ಲ್ ಉಸಿರಾಡುಕೆ ಆತಿಲ್ಲ" ಎಂದಳು.

ಟಿಕೇಟು ವಿಚಾರಿಸುತ್ತೇನೆ ಎಂದೆ. ವಿಚಾರಿಸಲಿಲ್ಲ. ಬದಲಿಗೆ ಮರುದಿನ ಮಾರುಕಟ್ಟೆಯಿಂದ ಎರಡು ಕಿಲೋ ಏಡಿ ತಂದೆ, ಊರಿನ ರುಚಿ ನಾಲಿಗೆಗೆ ತಾಗಿದರೆ ಮನಸ್ಸು ನಿಲ್ಲಬಹುದು ಎಂಬ ಆಸೆಯಿಂದ. ಅವಳು ಕಟ್ಟು ಬಿಚ್ಚಿ, ಮಂಜುಗಡ್ಡೆಯ ನಡುವೆ ಬಿದ್ದಿದ್ದ ಏಡಿಯೊಂದನ್ನು ಎತ್ತಿ ಮೂಸಿ, ಹಾಗೇ ಇಟ್ಟಳು.

"ಸತ್ತ್ ಎಷ್ಟ್ ದಿನ ಆಯ್ತೋ. ನಮ್ಮಲ್ಲ್ ಜೀವ ಇಲ್ದಿದ್ ಏಡಿ ಸಾರಿಗ್ ಹಾಕುದಿಲ್ಲ." ಕಟ್ಟನ್ನು ಮತ್ತೆ ಮಡಚಿಟ್ಟು, "ಇಲ್ಲ್ ಕಡಲ್ ಇತ್ತಲ್ದಾ? ನಾವೇ ಹೋಯಿ ಹಿಡುಕಾತಿಲ್ಯಾ?" ಎಂದು ಕೇಳಿದಳು.

ಊರಿಗೆ ಕಳಿಸಿ ಎಂದದ್ದು ಬಿಟ್ಟರೆ, ಅವಳಾಗಿ ಏನನ್ನಾದರೂ ಕೇಳಿ ಎರಡು ತಿಂಗಳಾಗಿತ್ತು. ನಾನು ತಕ್ಷಣ "ಹೋಗುವ" ಎಂದೆ. ಎಂದ ಮೇಲೆ, ಇದಕ್ಕೆ ಏನು ನಿಯಮವೋ ಎಂಬ ಯೋಚನೆ ಹತ್ತಿತು.

ಮರುದಿನ ನಮ್ಮ ಕಂಪನಿಯ ಪಿಕಪ್ ಓಡಿಸುವ ಲಾರೆನ್ಸನಿಗೆ ವಿಷಯ ಹೇಳಿದೆ. ಅವನು ಶಿರ್ವದವನು. ನನಗಿಂತ ಎಂಟು ವರ್ಷ ಮೊದಲು ಬಂದವನಾದ್ದರಿಂದ ಆ ದೇಶದ ಬಗ್ಗೆ ಅವನಿಗೆ ತಿಳಿಯದ್ದು ಯಾವುದೂ ಇರಲಿಲ್ಲ. ತಿಳಿಯದಿದ್ದರೂ ಹೇಳುತ್ತಿದ್ದ.

"ಲೈಸನ್ಸ್ ಉಂಟಾ ನಿಮ್ಮತ್ರ?" ಎಂದ.

"ಏಡಿಗೆ ಲೈಸನ್ಸಾ?"

"ಮತ್ತೆಂಥ ಮಾರಾಯ್ರೆ! ಡ್ರೈವಿಂಗಿಗೆ ಬೇಕು, ರೇಡಿಯೋ ರಿಪೇರಿ ಅಂಗಡಿಗೆ ಬೇಕು, ಏಡಿಗೆ ಬೇಡವಾ? ಹೋದ ವರ್ಷ ಒಬ್ಬನನ್ನ ಹಿಡಿದು ಸೀದ ವಿಮಾನ ಹತ್ತಿಸಿದ್ದಾರೆ, ಗೊತ್ತುಂಟಾ? ಚಪ್ಪಲಿ ಹಾಕಲಿಕ್ಕೂ ಬಿಡ್ಲಿಲ್ಲ."

"ಯಾರನ್ನು?"

"ಹೆಸರು ನೆನಪಿಲ್ಲ. ಆದ್ರೆ ಏಡಿಯದ್ದೇ ಕೇಸು."

ಆ ಹೆಸರಿಲ್ಲದ ಮನುಷ್ಯನ ಬರಿಗಾಲು ಒಂದು ವಾರ ನನ್ನ ಕಣ್ಣಿಗೆ ಕಟ್ಟಿತ್ತು. ನನ್ನನ್ನು ವಿಮಾನ ಹತ್ತಿಸಿದರೆ ವಾರಿಜಳ ಆಸೆಯೇನೋ ಈಡೇರುತ್ತಿತ್ತು, ಆದರೆ ಆಮೇಲೆ ಊಟಕ್ಕೇನು? ಕೊನೆಗೆ ಅರ್ಧ ದಿನ ರಜೆ ಹಾಕಿ, ಮೀನುಗಾರರ ಕಾಗದಪತ್ರ ನೋಡುವ ಒಂದು ಕಚೇರಿಗೆ ಹೋದೆ. ಇಂಗ್ಲಿಷಿನಲ್ಲಿ ಒಂದು ಪುಟದ ಅರ್ಜಿ ಟೈಪು ಮಾಡಿಕೊಂಡಿದ್ದೆ. ಮಾರ್ಜಿನ್ ಸರಿಯಾಗಿ ಬಿಟ್ಟು, 'ವಿಷಯ' ಎಂಬುದಕ್ಕೆ ಅಡಿಗೆರೆ ಎಳೆದು, ಮೂರು ಪ್ರತಿ.

ಅಲ್ಲಿದ್ದ ಗುಮಾಸ್ತರು ದಪ್ಪ ಕನ್ನಡಕದ, ನಿಧಾನ ಸ್ವಭಾವದ ಬಹರೈನಿ. ಮೊದಲು ಕೂರಿಸಿದರು. ಚಹಾ ತರಿಸಿದರು. ಆಮೇಲೆ ಅರ್ಜಿ ಓದಿದರು.

"ದೋಣಿ ಇದೆಯಾ?"

"ಇಲ್ಲ."

"ಬಲೆ?"

"ಇಲ್ಲ."

"ಮೀನಿನ ವ್ಯಾಪಾರ?"

"ಅಯ್ಯೋ, ಇಲ್ಲ."

"ಮತ್ತೆ ಏನಿದೆ?"

"ಹೆಂಡತಿ ಇದ್ದಾಳೆ. ಅವಳಿಗೆ ಏಡಿ ಹಿಡಿಯುವ ಆಸೆ. ದಾರಕ್ಕೆ ಮೀನಿನ ತಲೆ ಕಟ್ಟಿ ಹಿಡಿಯುತ್ತಾಳಂತೆ. ಶುಕ್ರವಾರ ಮಾತ್ರ. ನಾವು ತಿನ್ನುವಷ್ಟು ಮಾತ್ರ."

ಅವರು ಅರ್ಜಿಯನ್ನು ಮಡಚಿ ನನ್ನ ಕೈಗೆ ಕೊಟ್ಟರು. "ಅದಕ್ಕೆ ಕಾಗದ ಬೇಡ. ದಡದಲ್ಲಿ ನಿಂತು ಕೈಯಿಂದ ಹಿಡಿದು ಮನೆಯಲ್ಲಿ ತಿನ್ನುವವನಿಗೆ ನಾವು ಏನೂ ಬರೆದು ಕೊಡುವುದಿಲ್ಲ. ದಡದ ಜನರನ್ನು ಕೇಳಿ ಇಳಿಯಿರಿ, ಅಷ್ಟು ಸಾಕು."

ಬೇರೆ ಯಾರಾದರೂ ಆಗಿದ್ದರೆ ಸಲಾಮು ಹೊಡೆದು ಎದ್ದು ಬರುತ್ತಿದ್ದರು. ನನಗೆ ಮಾತ್ರ ಕಾಗದ ಬೇಡ ಎಂಬುದಕ್ಕೂ ಒಂದು ಕಾಗದ ಬೇಕಿತ್ತು. ಯಾರಾದರೂ ಕೇಳಿದರೆ ಏನು ತೋರಿಸಲಿ ಎಂದು ಕೇಳಿದೆ. ಅವರು ಮತ್ತೊಮ್ಮೆ ತಾಳ್ಮೆಯಿಂದ ಹೇಳಿದರು. ನಾನು ಮತ್ತೊಮ್ಮೆ ವಿನಯದಿಂದ ಕೇಳಿದೆ. ಮುಂದಿನ ವಾರ ಪುನಃ ಹೋದೆ. ಅದರ ಮುಂದಿನ ವಾರ ಬಾಗಿಲಲ್ಲಿ ನನ್ನನ್ನು ಕಂಡದ್ದೇ ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನನ್ನ ಅರ್ಜಿಯನ್ನೇ ತಿರುಗಿಸಿ, ಹಿಂಬದಿಯಲ್ಲಿ ಅರಬ್ಬಿಯಲ್ಲಿ ನಾಲ್ಕು ಸಾಲು ಬರೆದು, ಸಹಿ ಹಾಕಿ, ನೇರಳೆ ಬಣ್ಣದ ಒಂದು ಮೊಹರು ಒತ್ತಿದರು. ಆ ಮೊಹರಿನ ಸದ್ದು ಕೇಳಿ ನನ್ನ ಜೀವ ತಂಪಾಯಿತು. ಏನು ಬರೆದಿದ್ದಾರೆ ಎಂದು ಕೇಳುವ ಧೈರ್ಯ ಬರಲಿಲ್ಲ. ಮೊಹರು ಇದ್ದ ಮೇಲೆ ಕೇಳುವುದೇನು?

ನಾನು ಕಚೇರಿ ಸುತ್ತುತ್ತಿದ್ದಾಗ ವಾರಿಜ ಸುಮ್ಮನೆ ಕೂತಿರಲಿಲ್ಲ. ಇಸ್ತ್ರಿ ಅಂಗಡಿಯಿಂದ ಬಂದ ಅಂಗಿಯ ತಂತಿ ಹ್ಯಾಂಗರನ್ನು ಬಗ್ಗಿಸಿ ಬಳೆಯಂತೆ ದುಂಡಗೆ ಮಾಡಿ, ಅದಕ್ಕೆ ಈರುಳ್ಳಿಯ ಕೆಂಪು ಬಲೆಚೀಲ ಹೊಲಿದು, ಪೊರಕೆಯ ಕೋಲು ಕಟ್ಟಿ ಒಂದು ಗೋರುಬಲೆ ತಯಾರಿಸಿದ್ದಳು. ಹತ್ತಿಯ ದಾರ ಹೊಸೆದು ಹುರಿ ಮಾಡಿದ್ದಳು. ಹುರಿ ಹೊಸೆಯುತ್ತಾ ಅವಳು ತನ್ನ ಅಜ್ಜಿಯ ಕಥೆ ಹೇಳುತ್ತಿದ್ದಳು. ಅಜ್ಜಿ ಸೊಂಟದ ಮಟ್ಟ ಹೊಳೆಯಲ್ಲಿ ನಿಂತು, ದಾರ ತುದಿಬೆರಳಿಗೆ ಸುತ್ತಿಕೊಂಡು, ಕಣ್ಣು ಮುಚ್ಚಿ ಏಡಿಯ ಎಳೆತಕ್ಕೆ ಕಾಯುತ್ತಿದ್ದಳಂತೆ. ಎಳೆತ ಸಿಕ್ಕಿದರೆ ಅದು ಗಂಡೋ ಹೆಣ್ಣೋ ಎಂದು ನೀರಿನಿಂದ ಎತ್ತುವ ಮೊದಲೇ ಹೇಳುತ್ತಿದ್ದಳಂತೆ. ನಾನು ನಂಬಲಿಲ್ಲ. ಆದರೆ ಆ ಮನೆಯಲ್ಲಿ ಮಾತು ಕೇಳಿಬರುತ್ತಿತ್ತಲ್ಲ, ಅದಕ್ಕೆ ಎಲ್ಲದಕ್ಕೂ ತಲೆದೂಗಿದೆ.

ಅಲ್ಲಿ ಶುಕ್ರವಾರ ರಜೆ, ಆ ಬೆಳಿಗ್ಗೆ ಲಾರೆನ್ಸನ ಪಿಕಪ್ಪಿನಲ್ಲಿ ಹೊರಟೆವು. ಬುದಯ್ಯ ರಸ್ತೆಯಿಂದ ಬಲಕ್ಕೆ ತಿರುಗಿ, ಖರ್ಜೂರದ ತೋಟಗಳ ನಡುವಿನ ಮಣ್ಣುದಾರಿಯಲ್ಲಿ ಹೋದರೆ ಒಂದು ಸಣ್ಣ ಹಳ್ಳಿ, ಅದರ ಹಿಂದೆ ಕಡಲು. ಇಳಿತದ ಹೊತ್ತು. ನೀರು ಬಹಳ ದೂರ ಹಿಂದೆ ಸರಿದು, ದಡದಲ್ಲಿ ಅಲ್ಲಲ್ಲಿ ಮೊಣಕಾಲುದ್ದದ ಹೊಂಡಗಳು ಉಳಿದಿದ್ದವು. ವಾರಿಜ ಚಪ್ಪಲಿ ಕಳಚಿ ಕೆಸರಿಗೆ ಕಾಲಿಟ್ಟವಳು ಒಂದು ನಿಮಿಷ ಹಾಗೇ ನಿಂತಳು. ಬೆರಳುಗಳನ್ನು ಕೆಸರಿನಲ್ಲಿ ಅಗಲಿಸಿ ಮಡಚಿ ನೋಡಿದಳು. ಆಮೇಲೆ ಸೀರೆ ಎತ್ತಿ ಕಟ್ಟಿಕೊಂಡು ನನ್ನ ಕಡೆ ತಿರುಗದೆಯೇ ನೀರಿಗೆ ಹೋದಳು.

ಲಾರೆನ್ಸ್ ಪಿಕಪ್ಪಿನ ಬಾಗಿಲು ತೆರೆದಿಟ್ಟು ಕ್ಯಾಸೆಟ್ಟು ಹಾಕಿಕೊಂಡು ಮಲಗಿದ. ನಾನು ಕಾಗದವನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅಂಗಿಯ ಜೇಬಿನಲ್ಲಿ ಇಟ್ಟುಕೊಂಡು, ಸರಕಾರವೇ ನನ್ನ ಬೆನ್ನಿಗಿದೆ ಎಂಬ ಗತ್ತಿನಲ್ಲಿ ದಡದುದ್ದ ಓಡಾಡಿದೆ. ದಡದ ಜನರನ್ನು ಕೇಳಿ ಇಳಿಯಿರಿ ಎಂದು ಗುಮಾಸ್ತರು ಹೇಳಿದ್ದು ಮರೆತೇಹೋಗಿತ್ತು. ಸ್ವಲ್ಪ ದೂರದಲ್ಲಿ ಖರ್ಜೂರದ ಗರಿಗಳನ್ನು ಒತ್ತೊತ್ತಾಗಿ ನೆಟ್ಟ ಒಂದು ಉದ್ದದ ಬೇಲಿ ಕಂಡಿತು. ದಡದಿಂದ ಶುರುವಾಗಿ ಕಡಲಿನೊಳಗೆ ಹೋಗಿ, ತುದಿಯಲ್ಲಿ ಒಂದು ದೊಡ್ಡ ದೊಡ್ಡಿಯಂತೆ ಸುತ್ತಿಕೊಂಡಿತ್ತು. ಅಲ್ಲಲ್ಲಿ ಗರಿಗಳು ಬಿದ್ದುಹೋಗಿದ್ದವು. ಯಾರೋ ಬಿಟ್ಟುಹೋದ ಹಳೆಯ ಬೇಲಿ ಎಂದುಕೊಂಡು ನುಸುಳಿ ಒಳಗೆ ಹೋದೆ.

ದೊಡ್ಡಿಯೊಳಗೆ ಗೇಣುದ್ದ ನೀರು. ನೀರಿನ ತುಂಬ ಏಡಿ! ನೀಲಿ ಕಾಲಿನವು, ಒಂದಕ್ಕೊಂದು ತಾಗಿಕೊಂಡು, ಓಡಲು ಜಾಗವಿಲ್ಲದೆ ಕೂತಿವೆ. ಜನ್ಮದಲ್ಲಿ ಒಂದು ಏಡಿ ಹಿಡಿಯದವನು ನಾನು. ಅಂಗಿಯ ತೋಳನ್ನು ಕೈಗೆ ಸುತ್ತಿಕೊಂಡು ಹದಿನೈದು ಏಡಿಗಳನ್ನು ಮನೆಯಿಂದ ತಂದಿದ್ದ ಬಕೆಟ್ಟಿಗೆ ತುಂಬಿದೆ. ಎರಡು ಸಲ ಕಚ್ಚಿಸಿಕೊಂಡೆ. ಕಚ್ಚಿದ ಜಾಗ ಉರಿಯುತ್ತಿದ್ದರೂ ಎದೆ ಉಬ್ಬಿಸಿಕೊಂಡು ವಾರಿಜಳ ಹತ್ತಿರ ಹೋದೆ. ಅವಳು ಅಷ್ಟು ಹೊತ್ತಿಗೆ ಹಿಡಿದದ್ದು ಎರಡು.

ಅವಳು ನನ್ನ ಬಕೆಟ್ಟಿನಿಂದ ಒಂದೊಂದೇ ಏಡಿಯನ್ನು ಹಿಂದಿನ ಕಾಲು ಹಿಡಿದು ಎತ್ತಿ, ಅಂಗಾತ ಮಾಡಿ ನೋಡಿದಳು. ನಾಲ್ಕನ್ನು ಪಕ್ಕದ ಹೊಂಡಕ್ಕೆ ಇಳಿಸಿದಳು. ಅವೇ ಎಲ್ಲಕ್ಕಿಂತ ದೊಡ್ಡವು.

"ಅಷ್ಟು ದಪ್ಪದ್ದನ್ನು ಬಿಡ್ತೀಯಾ!" ಎಂದು ನಾನು ಕೂಗಿದೆ.

"ಮೊಟ್ಟೆ ಇತ್ತ್ ಕಾಣಿ. ಮೊಟ್ಟೆ ಇದ್ದದ್ದನ್ನ ಹಿಡುಕಾಗ." ಇನ್ನೂ ಮೂರನ್ನು ತನ್ನ ಮುಷ್ಟಿಯ ಪಕ್ಕ ಹಿಡಿದು ಅಳೆದಳು. ಮುಷ್ಟಿಗಿಂತ ಸಣ್ಣವು. ಅವೂ ಹೊಂಡಕ್ಕೆ ಹೋದವು. ಆಮೇಲೆ ತಲೆ ಎತ್ತಿ ಕೇಳಿದಳು: "ಹ್ವಾಯ್, ಇಷ್ಟ್ ಎಲ್ಲಿ ಸಿಕ್ತ್ ನಿಮ್ಗೆ?"

ನಾನು ಬೇಲಿಯತ್ತ ಕೈ ತೋರಿಸಿದೆ. ಅವಳ ಮುಖದ ಬಣ್ಣ ಹೋಯಿತು. "ಅದ್ ಯಾರೋ ಕಟ್ಟಿದ್ ಬೇಲಿ ಅಲ್ದಾ? ಮೀನ್ ಸಿಕ್ಕಿಸುಕೆ ಕಟ್ಟಿದ್! ನೀವ್ ಬೇರೆಯವ್ರ್ ಬಲೆಗ್ ಕೈ ಹಾಕಿದ್ರ್ಯಾ?"

"ಪರ್ಮಿಷನ್ ಇದೆ" ಎಂದು ನಾನು ಜೇಬು ಮುಟ್ಟಿಕೊಂಡೆ.

ಆಗಲೇ ಹಿಂದಿನಿಂದ ಕೂಗು ಕೇಳಿದ್ದು. ಬಿಳಿ ಗಡ್ಡದ, ಎತ್ತರದ ಮುದುಕರೊಬ್ಬರು ನಿಲುವಂಗಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಯಲ್ಲಿ ಒಂದು ಕೋಲು ಹಿಡಿದು ಕೆಸರು ತುಳಿಯುತ್ತ ಬರುತ್ತಿದ್ದರು. ಬಂದವರೇ ನನ್ನ ಕೈಯಿಂದ ಬಕೆಟ್ಟು ಕಿತ್ತುಕೊಂಡರು.

"ಹರಾಮಿ! ಚೋರ್!" ಎಂದರು. ವಯಸ್ಸಿನಲ್ಲಿದ್ದಾಗ ಹಡಗಿನ ಕೆಲಸಕ್ಕೆ ಮುಂಬಯಿಗೆ ಹೋಗುತ್ತಿದ್ದವರು, ಹರಕು ಹಿಂದಿ ಬರುತ್ತಿತ್ತು ಎಂದು ನನಗೆ ಆಮೇಲೆ ತಿಳಿಯಿತು. ಆಗ ತಿಳಿದದ್ದು ಇಷ್ಟೇ. ಆ ಬೇಲಿಯ ಹೆಸರು ಹದ್ರಾ. ಅದು ಅವರದ್ದು, ಅವರ ತಂದೆಯ ಕಾಲದಿಂದ ಅವರದ್ದು. ಉಬ್ಬರದಲ್ಲಿ ಬಂದ ಮೀನು, ಏಡಿ ಇಳಿತದಲ್ಲಿ ಅದರೊಳಗೆ ಉಳಿಯುತ್ತವೆ. ಮೂರು ವಾರದಿಂದ ಯಾರೋ ಅವರು ಬರುವ ಮೊದಲೇ ಬಂದು ಅದನ್ನು ಬಳಿದುಕೊಂಡು ಹೋಗುತ್ತಿದ್ದಾರೆ. ಆ ಕಳ್ಳ ಇವತ್ತು ಸಿಕ್ಕಿದ್ದಾನೆ. ಪೊಲೀಸರನ್ನು ಕರೆಯುತ್ತಾರಂತೆ.

ಪೊಲೀಸ್ ಎಂಬ ಪದ ಕೇಳಿದ್ದೇ ಲಾರೆನ್ಸನ ಕ್ಯಾಸೆಟ್ಟು ನಿಂತಿತು. ಅವನು ಎದ್ದು ಬಂದು ಹತ್ತು ಮಾರು ದೂರದಲ್ಲಿ ನಿಂತು ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡ. ನಾನು ಪ್ಲಾಸ್ಟಿಕ್ಕು ಬಿಚ್ಚಿ ಕಾಗದವನ್ನು ಮುಂದೆ ಚಾಚಿದೆ. "ರುಖ್ಸಾ! ರುಖ್ಸಾ!" ಎಂದೆ. ಪರವಾನಗಿ ಎಂಬುದಕ್ಕೆ ಅಲ್ಲಿನ ಮಾತು.

ಮುದುಕರು ಅದನ್ನು ತಲೆಕೆಳಗಾಗಿ ಹಿಡಿದು ನೋಡಿದರು. ಅವರಿಗೆ ಓದು ಬರುತ್ತಿರಲಿಲ್ಲ. ಹಳ್ಳಿಯ ಕಡೆ ತಿರುಗಿ ಯಾರನ್ನೋ ಕೂಗಿದರು. ಕಪ್ಪು ಅಬಾಯಾ ಹಾರಿಸಿಕೊಂಡು, ಕೈಯಲ್ಲಿ ಚಹಾದ ಫ್ಲಾಸ್ಕು ಹಿಡಿದು, ಮೂವತ್ತರ ಆಸುಪಾಸಿನ ಒಬ್ಬ ಹೆಂಗಸು ಬಂದರು. ಮುದುಕರ ಮಗಳು ಮರ್ಯಮ್. ಶಾಲೆಯಲ್ಲಿ ಇಂಗ್ಲಿಷ್ ಕಲಿಸುವವರು. ಅವರು ಕಾಗದ ಓದಿದರು. ಮತ್ತೊಮ್ಮೆ ಓದಿದರು. ತುಟಿ ಕಚ್ಚಿಕೊಂಡರು. ಕೊನೆಗೆ ತಡೆಯಲಾಗದೆ ಅಬಾಯಾದ ಅಂಚನ್ನು ಬಾಯಿಗೆ ಒತ್ತಿಕೊಂಡು ನಕ್ಕರು.

"ಇದರಲ್ಲಿ ಏನು ಬರೆದಿದೆ ಗೊತ್ತಾ ನಿಮಗೆ?" ಎಂದು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು.

"ಪರ್ಮಿಷನ್" ಎಂದೆ.

ಅವರು ಇಂಗ್ಲಿಷಿನಲ್ಲಿ ಓದಿ ಹೇಳಿದರು: "ಈ ಮನುಷ್ಯ ಒಳ್ಳೆಯವನು. ಕೈಯಿಂದ ಏಡಿ ಹಿಡಿಯಲು ಕಾಗದ ಬೇಡ ಎಂದು ಇವನಿಗೆ ಮೂರು ಸಲ ಹೇಳಿದ್ದೇನೆ. ಕಾಗದ ಬೇಕೇ ಬೇಕು ಎನ್ನುತ್ತಾನೆ. ದಡದಲ್ಲಿ ಯಾರಿಗಾದರೂ ಇವನು ಸಿಕ್ಕಿದರೆ ದಯವಿಟ್ಟು ಸರಿಯಾಗಿ ತಿಳಿಹೇಳಿ."

ನೀವು ನಗಬಹುದು. ನನಗೆ ಆಗ ನಗು ಬರಲಿಲ್ಲ. ಮುದುಕರಿಗೂ ಬರಲಿಲ್ಲ. ಕಾಗದದಲ್ಲಿ ಏನೇ ಇರಲಿ, ನಾನು ಅವರ ದೊಡ್ಡಿಗೆ ಕೈ ಹಾಕಿದ್ದು ಸುಳ್ಳಲ್ಲವಲ್ಲ. ಅವರು ಕೋಲಿನಿಂದ ವಾರಿಜಳ ಕಡೆ ತೋರಿಸಿ, "ಇವಳು ನನ್ನನ್ನು ದೂರದಿಂದ ಕಂಡು ಏಡಿಗಳನ್ನು ನೀರಿಗೆ ಎಸೆಯುತ್ತಿದ್ದಳು. ಕದ್ದದ್ದು ಗೊತ್ತಾಗಬಾರದು ಅಂತ. ನಾನೇ ನೋಡಿದೆ" ಎಂದರು. ಮರ್ಯಮ್ ಅದನ್ನು ನನಗೆ ಹೇಳಿದರು. ನಾನು ವಾರಿಜಳಿಗೆ ಹೇಳಿದೆ.

ಅಲ್ಲಿಯವರೆಗೆ ತಲೆ ತಗ್ಗಿಸಿ ನಿಂತಿದ್ದವಳು ತಲೆ ಎತ್ತಿದಳು. ನಾಲ್ಕು ತಿಂಗಳಿಂದ ಕಿಟಕಿಯ ಬಳಿ ಕೂತಿದ್ದ ಹೆಂಗಸು ಅವಳಲ್ಲ ಎನಿಸಿತು ನನಗೆ. "ನಾನ್ ಎಸಿಲಿಲ್ಲ, ಬಿಟ್ಟದ್ದ್" ಎಂದಳು, ಎಲ್ಲರೂ ಕನ್ನಡಿಗರೇ ಎಂಬಂತೆ. ಬಗ್ಗಿ, ಪಕ್ಕದ ಹೊಂಡಕ್ಕೆ ಕೈ ಹಾಕಿ, ಒಂದು ಏಡಿಯನ್ನು ಎತ್ತಿ ಮುದುಕರ ಮುಂದೆ ಅಂಗಾತ ಹಿಡಿದಳು. ಹೊಟ್ಟೆಯ ಅಡಿಯಲ್ಲಿ ಕೇಸರಿ ಬಣ್ಣದ ಮೊಟ್ಟೆಯ ಗೊಂಚಲು ಬಿಸಿಲಿಗೆ ಹೊಳೆಯಿತು. "ಅಬ್ಬಿ" ಎಂದಳು. "ಇದ್ ಅಬ್ಬಿ."

ಅವಳ ಊರಿನ ಮಾತಿನಲ್ಲಿ ಅಬ್ಬಿ ಎಂದರೆ ತಾಯಿ. ಅಲ್ಲಿನ ಅರಬ್ಬಿಯಲ್ಲಿ 'ಅಬ್ಬಿ' ಎಂದರೆ 'ನನಗೆ ಬೇಕು'. ಮುದುಕರು ಕೆಂಡವಾದರು. "ಲಾ! ಲಾ!", ಅಂದರೆ ಇಲ್ಲ, ಇಲ್ಲ, ಎಂದು ಕೋಲು ನೆಲಕ್ಕೆ ಕುಟ್ಟಿದರು. ಇಷ್ಟಾದರೂ ಅದೂ ಬೇಕಂತೆ ಇವಳಿಗೆ!

ನಾನು ಗಡಿಬಿಡಿಯಿಂದ ಮರ್ಯಮ್‌ಗೆ ಅರ್ಥ ಬಿಡಿಸಿ ಹೇಳಿದೆ. ಅವರು ತಂದೆಗೆ ಹೇಳಿದರು. ಮುದುಕರು ಕೋಲನ್ನು ಪಕ್ಕಕ್ಕೆ ಇಟ್ಟರು. ಆಮೇಲೆ ನಿಧಾನವಾಗಿ ಮೊಣಕಾಲೂರಿ ಹೊಂಡದೊಳಗೆ ನೋಡಿದರು. ಇನ್ನೂ ಮೂರು ಮೊಟ್ಟೆಯ ಏಡಿಗಳು ಅಲ್ಲೇ ಕೂತಿದ್ದವು. ಪಕ್ಕದಲ್ಲಿ ಮೂರು ಮರಿಗಳು. ಬಕೆಟ್ಟನ್ನು ಮರಳಿನ ಮೇಲೆ ಬೋರಲು ಹಾಕಿದರು. ಉಳಿದ ಒಂದೊಂದನ್ನೂ ವಾರಿಜಳಂತೆಯೇ ಹಿಂದಿನ ಕಾಲು ಹಿಡಿದು ಎತ್ತಿ ನೋಡಿದರು. ಒಂದರಲ್ಲೂ ಮೊಟ್ಟೆ ಇರಲಿಲ್ಲ. ಒಂದೂ ಸಣ್ಣದಿರಲಿಲ್ಲ.

ಅವರು ಎದ್ದು ನಿಂತು ಬಹಳ ಹೊತ್ತು ವಾರಿಜಳನ್ನೇ ನೋಡಿದರು. ಆಮೇಲೆ ಮಗಳಿಗೆ ಏನೋ ಹೇಳಿದರು. ದನಿ ಇಳಿದಿತ್ತು.

"ಮೂರು ವಾರದಿಂದ ಬರುವ ಕಳ್ಳ ತಾಯಿಯನ್ನೂ ಬಿಡುವುದಿಲ್ಲ, ಮರಿಯನ್ನೂ ಬಿಡುವುದಿಲ್ಲವಂತೆ" ಎಂದರು ಮರ್ಯಮ್. "ದೊಡ್ಡಿಯನ್ನೇ ಗುಡಿಸಿಕೊಂಡು ಹೋಗುತ್ತಾನೆ. ಅವನು ಈ ಹೆಂಗಸಿನ ಮನೆಯವನಾಗಿರಲು ಸಾಧ್ಯವಿಲ್ಲ ಅಂತ ಅಪ್ಪ ಹೇಳುತ್ತಿದ್ದಾರೆ."

ನಾನು ಅಲ್ಲೇ ಕೆಸರಿನಲ್ಲಿ ಕೂತುಬಿಟ್ಟೆ. ಮುದುಕರು ನನ್ನ ಕಡೆ ತಿರುಗಿ ಹಿಂದಿಯಲ್ಲಿ ಹೇಳಿದರು: "ನೀನು ಮಾತ್ರ ತಪ್ಪು ಮಾಡಿದ್ದೀಯಾ. ಬೇಲಿಯ ಹೊರಗಿನದ್ದು ದೇವರದ್ದು, ಯಾರು ಬೇಕಾದರೂ ಹಿಡಿಯಬಹುದು. ಒಳಗಿನದ್ದು ನನ್ನದು. ಮುಂದಿನ ಶುಕ್ರವಾರ ಬಂದು ನನ್ನ ಬೇಲಿ ಕಟ್ಟಿಕೊಡು. ಬೀವಿಯನ್ನೂ ಕರೆದುಕೊಂಡು ಬಾ."

ಬಕೆಟ್ಟಿನ ಏಡಿಗಳಲ್ಲಿ ನಾಲ್ಕನ್ನು ಆರಿಸಿ ವಾರಿಜಳ ಕೈಗೆ ಕೊಟ್ಟರು. ಅವಳೇ ಹಿಡಿದ ಎರಡನ್ನು ಮುಟ್ಟಲಿಲ್ಲ.

ಆ ದಿನ ಅವಳು ಮಾಡಿದ ಸಾರು ಹೇಗಿತ್ತು ಎಂದು ವರ್ಣಿಸಲು ಹೋಗುವುದಿಲ್ಲ, ನಿಮ್ಮ ಬಾಯಲ್ಲಿ ನೀರು ಬಂದರೆ ನಾನು ಹೊಣೆಯಲ್ಲ. ಅವಳು ಎರಡು ಸಲ ಅನ್ನ ಹಾಕಿಸಿಕೊಂಡಳು ಎಂದಷ್ಟೇ ಹೇಳುತ್ತೇನೆ. ಉಣ್ಣುತ್ತಾ ಉಣ್ಣುತ್ತಾ, "ನೀವ್ ಕೆಸ್ರಲ್ಲ್ ಕೂತದ್ದ್ ಕಾಂಬ್ಕಿತ್ತ್" ಎಂದು ನಕ್ಕಳು. ನಕ್ಕವಳಿಗೆ ಕೆಮ್ಮು ಬಂತು, ಕೆಮ್ಮಿನ ನಡುವೆ ಅಳುವೂ ಬಂತು. ನಾನು ನೀರು ಕೊಟ್ಟೆ. ಟಿಕೇಟಿನ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಹದಿನೈದು ದಿನ ಕಳೆದ ಮೇಲೆ ಸೀರೆಗಳು ಕಪಾಟಿನಲ್ಲಿ ಕಂಡವು.

ಒಂದು ಶುಕ್ರವಾರದ ಶಿಕ್ಷೆ ಎಂದು ಹೋದವರು ಐದು ವರ್ಷ ಹೋದೆವು. ಹಾಜಿ ಮನ್ಸೂರ್ ನನಗೆ ಗರಿ ಕಟ್ಟಲು ಕಲಿಸಲು ಪ್ರಯತ್ನಪಟ್ಟು ಸೋತರು. ನಾನು ಕಟ್ಟಿದ ಗಂಟು ಒಂದು ಉಬ್ಬರಕ್ಕೆ ಬಿಚ್ಚಿಹೋಗುತ್ತಿತ್ತು. ವಾರಿಜಳ ಗಂಟು ನಿಲ್ಲುತ್ತಿತ್ತು. ಅವರಿಬ್ಬರ ನಡುವೆ ಒಂದು ವಿಚಿತ್ರ ಭಾಷೆ ಬೆಳೆಯಿತು. ಏಡಿಗೆ ಅವರು 'ಗುಬ್‌ಗುಬ್' ಎನ್ನುತ್ತಿದ್ದರು, ಇವಳೂ ಹಾಗೇ ಅಂದಳು. ಮೊಟ್ಟೆಯ ಏಡಿಗೆ ಇವಳು 'ಅಬ್ಬಿ' ಎನ್ನುತ್ತಿದ್ದಳು, ಅವರೂ ಹಾಗೇ ಅಂದರು. ಬೇಲಿಯೊಳಗೆ ಸಿಕ್ಕಿದ ಅಬ್ಬಿಗಳನ್ನು ಹೊರಗೆ ಬಿಡುವ ಕೆಲಸ ಅವಳಿಗೇ ಸೇರಿತು. ಮನೆಗೆ ಒಯ್ಯುವುದು ಆ ದಿನ ತಿನ್ನುವಷ್ಟು ಮಾತ್ರ. ಲಾರೆನ್ಸ್ ಒಮ್ಮೆ ಗೆಳೆಯರಿಗೆಂದು ಹೆಚ್ಚು ಕೇಳಿದಾಗ ಹಾಜಿ, "ನಿನ್ನ ಗೆಳೆಯರು ಬಂದು ನೀರಿನಲ್ಲಿ ನಿಲ್ಲಲಿ" ಎಂದುಬಿಟ್ಟರು. ಆ ಮೂರು ವಾರದ ಕಳ್ಳ ಯಾರೆಂದು ಕೊನೆಗೂ ತಿಳಿಯಲಿಲ್ಲ. ನಾವು ಹೋಗತೊಡಗಿದ ಮೇಲೆ ಅವನು ಬರುವುದು ನಿಂತಿತು. ದಡದಲ್ಲಿ ಜನ ಕಂಡು ಹೆದರಿದನೋ ಏನೋ.

ಒಂದೇ ಒಂದು ಬೇಸರ ಉಳಿದಿತ್ತು ವಾರಿಜಳಿಗೆ. ಹಾಜಿ ನಮ್ಮ ಮನೆಗೆ ಬರುತ್ತಿರಲಿಲ್ಲ. ಎಷ್ಟು ಕರೆದರೂ, "ನೀರು ಇಳಿಯುವ ಹೊತ್ತು, ನನಗೆ ಹದ್ರಾದ ಕೆಲಸ ಇದೆ" ಎನ್ನುತ್ತಿದ್ದರು. ಕಡಲು ದಿನವೂ ಇಳಿಯುತ್ತದೆ, ಹಾಗಾಗಿ ಅವರಿಗೆ ದಿನವೂ ಕೆಲಸ.

ಆಮೇಲೆ ಲಾರಿಗಳು ಬಂದವು. ಕಡಲಿಗೆ ಮಣ್ಣು ತುಂಬಿ ನೆಲ ಮಾಡುವ ಕಾಲ ಅದು. ಮನಾಮಾದ ಕಡೆಯಿಂದ ಶುರುವಾದದ್ದು ಪ್ರತಿ ವರ್ಷ ಸ್ವಲ್ಪ ಸ್ವಲ್ಪವೇ ಪಶ್ಚಿಮಕ್ಕೆ ಹಬ್ಬುತ್ತಿತ್ತು. ಒಂದು ಶುಕ್ರವಾರ ನಾವು ಹೋದಾಗ ಹಾಜಿಯ ಹದ್ರಾದ ಆಚೆ, ನೀರಿನ ನಡುವೆ, ಕಲ್ಲಿನ ಒಂದು ಏರಿ ಎದ್ದಿತ್ತು. ಮುಂದಿನ ವಾರದೊಳಗೆ ಒಳಗಿನ ನೀರಿಗೆಲ್ಲ ಮರಳು ಬೀಳುತ್ತದೆ ಎಂದರು ಮರ್ಯಮ್. ತಂದೆಗೆ ಪರಿಹಾರ ಸಿಗುತ್ತದಂತೆ, ಆದರೆ ಅವರು ಆ ಕಾಗದಕ್ಕೆ ಇನ್ನೂ ಹೆಬ್ಬೆಟ್ಟು ಒತ್ತಿಲ್ಲ ಎಂದರು.

ಹಾಜಿ ಬೇಲಿಯ ಬಳಿ ನಿಂತಿದ್ದರು. ಗರಿಗಳನ್ನು ಒಂದೊಂದಾಗಿ ಕೀಳುತ್ತಿದ್ದರು. ನಾವೂ ಕಿತ್ತೆವು. ವಾರಿಜಳ ಗಂಟುಗಳನ್ನು ಬಿಚ್ಚಲು ಬಹಳ ಹೊತ್ತು ಹಿಡಿಯಿತು. ಕೊನೆಗೆ ದೊಡ್ಡಿ ಮಾತ್ರ ಉಳಿಯಿತು. ಅದರೊಳಗೆ ಇಳಿತಕ್ಕೆ ಸಿಕ್ಕಿದ ಏಡಿಗಳು ಗುಂಪಾಗಿ ಕೂತಿದ್ದವು. ಏರಿ ಕಟ್ಟಿದ ಮೇಲೆ ಅವುಗಳಿಗೆ ಹೊರಗೆ ಹೋಗುವ ದಾರಿ ಇರಲಿಲ್ಲ.

ವಾರಿಜ ನನ್ನ ಕಡೆಯಾಗಲಿ ಅವರ ಕಡೆಯಾಗಲಿ ನೋಡಲಿಲ್ಲ. ಬಕೆಟ್ಟು ತಂದು ಏಡಿಗಳನ್ನು ತುಂಬತೊಡಗಿದಳು. ಈ ಸಲ ಹೊಟ್ಟೆ ನೋಡಲಿಲ್ಲ, ಮುಷ್ಟಿಯ ಅಳತೆ ನೋಡಲಿಲ್ಲ. ಹಾಜಿಗೆ ಅರ್ಥವಾಯಿತು. ಮನೆಯಿಂದ ಎರಡು ಡ್ರಮ್ಮು ತರಿಸಿದರು. ಲಾರೆನ್ಸ್ ಪಿಕಪ್ಪನ್ನು ಕೆಸರಿನವರೆಗೆ ಇಳಿಸಿ ನಿಲ್ಲಿಸಿದ. ಕಡಲಿನ ನೀರು ತುಂಬಿ, ಏಡಿ ತುಂಬಿ, ಮೇಲೆ ಒದ್ದೆ ಗೋಣಿ ಹೊದಿಸಿ, ನಾಲ್ವರೂ ಬುದಯ್ಯದ ಕಡೆ ಹೊರಟೆವು. ಹಾಜಿ ಹಿಂದೆ ಡ್ರಮ್ಮುಗಳ ನಡುವೆ ಕೂತರು. ಎಷ್ಟು ಹೇಳಿದರೂ ಮುಂದೆ ಬರಲಿಲ್ಲ.

ಮಣ್ಣು ಬೀಳದ ಒಂದು ದಡ ಸಿಕ್ಕಿತು. ಹಾಜಿಯೂ ವಾರಿಜಳೂ ನೀರಿನಲ್ಲಿ ನಿಂತು, ಒಂದೊಂದನ್ನೇ ಬಿಟ್ಟರು. ಬಿಟ್ಟ ಏಡಿ ಒಂದು ಗಳಿಗೆ ಅಲ್ಲೇ ನಿಂತು, ಆಮೇಲೆ ಅಡ್ಡಡ್ಡ ಸರಿದು ಆಳಕ್ಕೆ ಹೋಗುತ್ತಿತ್ತು. ನಾನೂ ಬಿಟ್ಟೆ. ಆ ದಿನ ಒಂದೂ ನನ್ನನ್ನು ಕಚ್ಚಲಿಲ್ಲ. ಡ್ರಮ್ಮು ಖಾಲಿಯಾದ ಮೇಲೂ ಹಾಜಿ ಮೊಣಕಾಲುದ್ದ ನೀರಿನಲ್ಲಿ ನಿಂತೇ ಇದ್ದರು. ಯಾರೂ ಅವರನ್ನು ಕರೆಯಲಿಲ್ಲ. ಕೊನೆಗೆ ತಾವೇ ಬಂದು, ನಿಲುವಂಗಿಯ ಅಂಚನ್ನು ಹಿಂಡಿ, ಈ ಸಲ ಮುಂದಿನ ಸೀಟಿನಲ್ಲಿ ಕೂತರು.

ಹಳ್ಳಿಯ ತಿರುವು ಬಂದಾಗ ಲಾರೆನ್ಸ್ ಗಾಡಿ ನಿಧಾನ ಮಾಡಿದ. ಹಾಜಿ ಬೇಡವೆಂದು ಕೈ ಆಡಿಸಿದರು.

"ಇವತ್ತು ನನಗೆ ಕೆಲಸ ಇಲ್ಲ" ಎಂದರು.

ನಮ್ಮ ಮನೆಯ ಮೂರು ಮಹಡಿಯ ಮೆಟ್ಟಿಲುಗಳನ್ನು ನಡುನಡುವೆ ನಿಂತು ಹತ್ತಿದರು. ಮನೆಯಲ್ಲಿ ಆ ದಿನ ಮೀನಿರಲಿಲ್ಲ, ಏಡಿಯಂತೂ ಇರಲಿಲ್ಲ. ವಾರಿಜ ಬೇಳೆಯ ತಿಳಿಸಾರು ಮಾಡಿ, ಹಪ್ಪಳ ಸುಟ್ಟಳು. ಹಾಜಿ ನೆಲದ ಮೇಲೆ ನಮ್ಮ ಜೊತೆ ಕೂತು, ಅನ್ನಕ್ಕೆ ಸಾರು ಕಲಸಿ, ಒಂದು ಅಗುಳೂ ಬಿಡದೆ ಉಂಡರು.